ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರೋದು? ವಿಟಮಿನ್ ಡಿ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ ಪೇಟೆಯಿಂದ ಸ್ವಲ್ಪ ದೂರ, ಅಡಿಕೆ ತೋಟದ ನಡುವೆ. ಫೆಬ್ರವರಿಯಲ್ಲಿ ಸೊಂಟ ನೋವು ಶುರುವಾಯಿತು, ಮೆಟ್ಟಿಲು ಹತ್ತಿದರೆ ತೊಡೆ ಸೋತು ಹೋಗುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ಮಿಲಿಲೀಟರಿಗೆ 13 ನ್ಯಾನೋಗ್ರಾಂ. 20ಕ್ಕಿಂತ ಕೆಳಗಿದ್ದರೆ ಕೊರತೆಯಂತೆ. ದಿನವಿಡೀ ಹೊರಗೇ ಇರುವವಳಿಗೆ ಕೊರತೆಯಾ ಅಂತ ನಗು ಬಂತು. ಆಮೇಲೆ ಹೊಳೆಯಿತು. ತೋಟದೊಳಗೆ ಬರೀ ನೆರಳು, ಮೈಮೇಲೆ ಉದ್ದ ತೋಳಿನ ಅಂಗಿ, ತಲೆಗೆ ಟವೆಲ್. ಅಂಗಳದಲ್ಲಿ ಒಣಗುವ ಅಡಿಕೆಗೆ ಸಿಕ್ಕಷ್ಟು ಬಿಸಿಲೂ ನನಗೆ ಸಿಕ್ಕಿಲ್ಲ!

ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿ, 8 ವಾರ ತೆಗೆದುಕೊಂಡೆ. ಮೊದಲೆರಡು ವಾರ ಖಾಲಿ ಹೊಟ್ಟೆಗೇ ಕುಡಿದಿದ್ದೆ. ಇದು ಕೊಬ್ಬಿನಲ್ಲಿ ಕರಗುವಂಥದ್ದು ಅಂತ ಔಷಧಿ ಅಂಗಡಿಯವರು ಹೇಳಿದ ಮೇಲೆ ಮಧ್ಯಾಹ್ನ ತುಪ್ಪ ಅನ್ನ ಉಂಡು ಕುಡಿದೆ. ಈಗ 32 ಆಗಿದೆ, ನೋವೂ ಕಡಿಮೆ. ಡಾಕ್ಟರು "ಸಾಕು, ಇನ್ನು ಬಿಸಿಲಿಗೆ ನಿಲ್ಲಿ" ಅಂದರು.

ತೊಂದರೆ ಇರೋದೇ ಇಲ್ಲಿ. ಬೆಳಿಗ್ಗೆ 7ಕ್ಕೆ ಸೊಪ್ಪಿನ ಬೆಟ್ಟದ ಕಡೆ ನಡೆದು ಬರುತ್ತೇನೆ, ಮನಸ್ಸಿಗೇನೋ ಹಿತ. ಆದರೆ ಎಳೆ ಬಿಸಿಲಲ್ಲಿ ಡಿ ಅಷ್ಟಾಗಿ ಆಗುವುದಿಲ್ಲ, ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತೇ ಬೇಕು. ಜೂನ್ ಬಂತು ಅಂದ್ರೆ ಇಲ್ಲಿ ನೆರಳೇ ಬೀಳುವುದಿಲ್ಲ, ಅಲ್ವಾ? ಸುಮ್ನೆ ಪುಡಿ ಮುಂದುವರಿಸೋಣ ಅಂದ್ರೆ, ಡಿ ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುವ ಹೆದರಿಕೆ.

ನಮ್ಮ ಕಡೆ ಯಾರಿಗಾದರೂ ಹೀಗಾಗಿದೆಯಾ? ಮಳೆಗಾಲದ ನಾಲ್ಕು ತಿಂಗಳಿಗೆ ನಿಮ್ಮ ಡಾಕ್ಟರು ಕಡಿಮೆ ಪ್ರಮಾಣದ ಮಾತ್ರೆ ಕೊಟ್ಟರಾ, ಅಥವಾ ಏನೂ ತೆಗೆದುಕೊಳ್ಳದೆ ಮಳೆ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಿರಾ?