ಒಂದು ಯೂನಿಟ್‌ಗೆ ಎರಡು ಬೆಲೆ

ಚಿಕ್ಕಪ್ಪ (ಫಾರ್ವರ್ಡ್ ಮಾಡಿದ್ದು): “ಬೆಳ್ಳಿ ಇಟಿಎಫ್ (ಬೆಳ್ಳಿಯಲ್ಲಿ ಹಣ ಹೂಡುವ, ಷೇರುಪೇಟೆಯಲ್ಲಿ ಮಾರಾಟವಾಗುವ ಫಂಡ್) ಕೊಳ್ಳಿರಿ. ಖರ್ಚು ಕಡಿಮೆ, ಷೇರಿನಂತೆ ಕ್ಷಣದಲ್ಲಿ ಖರೀದಿ. ಬೆಲೆ ನೋಡುವ ಅಗತ್ಯವೇ ಇಲ್ಲ, ಅದು ಬೆಳ್ಳಿಯ ಬೆಲೆಯೇ.”

ನಾನು: ಚಿಕ್ಕಪ್ಪ, ಮೊದಲಿನ ಮಾತುಗಳಿಗೆ ನನ್ನ ತಕರಾರಿಲ್ಲ. ಕೊನೆಯ ಸಾಲು ಮಾತ್ರ ತಪ್ಪು. ಫಂಡಿನ ಒಂದು ಪಾಲಾದ ಯೂನಿಟ್ಟಿನೊಳಗಿರುವ ಬೆಳ್ಳಿಯ ಮೌಲ್ಯವೇ ಬೇರೆ, ಷೇರುಪೇಟೆಯಲ್ಲಿ ಆ ಹೊತ್ತಿಗೆ ಮಾರುವವರು ಕೇಳುವ ಬೆಲೆಯೇ ಬೇರೆ.

ಚಿಕ್ಕಪ್ಪ: ದೇಶದ ಮೊದಲ ಇಟಿಎಫ್ ಆದ ನಿಫ್ಟಿ ಬೀಸ್ 2002ರ ಜನವರಿಯಲ್ಲಿ ಪೇಟೆಗೆ ಬಂದಾಗಿನಿಂದ ನೋಡುತ್ತಿದ್ದೇನೆ, ನೀನು ಆಗ ಅಂಬೆಗಾಲಿಡುತ್ತಿದ್ದೆ. ಅದು ನಿಫ್ಟಿ ಷೇರು ಸೂಚ್ಯಂಕದ ಜೊತೆಜೊತೆಗೇ ಏರಿದೆ, ಇಳಿದಿದೆ.

ಅತ್ತೆ: ನನ್ನದೊಂದು ಪ್ರಶ್ನೆ. ಆ ಬೆಳ್ಳಿ ನಿಜವಾಗಿಯೂ ಎಲ್ಲಿಯಾದರೂ ಇರುತ್ತದೆಯೇ?

ನಾನು: ಇರುತ್ತದೆ ಅತ್ತೆ, ಶೇ 99.9ರಷ್ಟು ಶುದ್ಧವಾದ ಗಟ್ಟಿಗಳಾಗಿ ಭದ್ರ ಕೊಠಡಿಯಲ್ಲಿ. ಚಿಕ್ಕಪ್ಪನ ಮಾತಿಗೂ ಉತ್ತರ ಅಲ್ಲಿಯೇ ಇದೆ. ಯೂನಿಟ್‌ಗೆ ಬೇಡಿಕೆ ಹೆಚ್ಚಿದಾಗ ಮಾರ್ಕೆಟ್ ಮೇಕರ್‌ಗಳೆಂಬ ದೊಡ್ಡ ವ್ಯಾಪಾರಿಗಳು ಫಂಡ್ ಸಂಸ್ಥೆಗೆ ಬೆಳ್ಳಿಯನ್ನೋ ಅದರ ಹಣವನ್ನೋ ಕೊಟ್ಟು ಹೊಸ ಯೂನಿಟ್‌ಗಳನ್ನು ಪಡೆದು ಪೇಟೆಯಲ್ಲಿ ಮಾರುತ್ತಾರೆ, ಹಾಗಾಗಿ ಎರಡು ಬೆಲೆಗಳ ಅಂತರ ಕರಗುತ್ತದೆ. ನಿಫ್ಟಿ ಬೀಸ್‌ಗೆ ಬೇಕಾದ ನಿಫ್ಟಿಯ 50 ಷೇರುಗಳು ಬೇಕೆಂದಾಗ ಸಿಗುತ್ತವೆ, ಅದಕ್ಕೇ ಅಲ್ಲಿ ಅಂತರ ಕಾಣಲಿಲ್ಲ. ಆದರೆ 2025ರ ದೀಪಾವಳಿಯ ಹೊತ್ತಿಗೆ ದೇಶದಲ್ಲಿ ಬೆಳ್ಳಿಯ ಗಟ್ಟಿಗೇ ಕೊರತೆಯಾಯಿತು. ಹೊಸ ಯೂನಿಟ್‌ಗಳನ್ನು ತರುವುದು ಕಷ್ಟವಾಗಿ, ಯೂನಿಟ್‌ಗಳ ಬೆಲೆ ಒಳಗಿನ ಬೆಳ್ಳಿಯ ಮೌಲ್ಯವನ್ನು ಮೀರಿತು. ಬೆಳ್ಳಿ ಇಟಿಎಫ್‌ನಲ್ಲಿ ಹಣ ಹಾಕುವ ಕೆಲವು ಫಂಡ್‌ಗಳು ದೊಡ್ಡ ಗಂಟನ್ನು ಒಮ್ಮೆಗೇ ಸ್ವೀಕರಿಸುವುದನ್ನೂ ನಿಲ್ಲಿಸಿದವು.

ಅಣ್ಣ: ಹಾಗಿದ್ದರೆ ಫಂಡ್ ಸಂಸ್ಥೆಯಿಂದಲೇ ನೇರವಾಗಿ ಕೊಂಡರಾಯಿತಲ್ಲ?

ನಾನು: 25 ಕೋಟಿ ರೂಪಾಯಿಗಿಂತ ಹೆಚ್ಚಿನ ವ್ಯವಹಾರವಾದರೆ ಧಾರಾಳವಾಗಿ ಕೊಳ್ಳಬಹುದು ಅಣ್ಣ. ನಮ್ಮಂಥವರಿಗೆ ಡಿಮ್ಯಾಟ್ ಖಾತೆಯ ಮೂಲಕ ಷೇರುಪೇಟೆಯೇ ಗತಿ.

ಚಿಕ್ಕಪ್ಪ: ಕೊರತೆ ವರ್ಷವಿಡೀ ಇರುವುದಿಲ್ಲ. ಲಕ್ಷ ರೂಪಾಯಿಗೆ ವರ್ಷಕ್ಕೆ ನೂರು ರೂಪಾಯಿ ನಿರ್ವಹಣಾ ಖರ್ಚಿನ ಇಟಿಎಫ್‌ಗಳು ಇರುವಾಗ ನೀನು ಸುಮ್ಮನೆ ಜನರನ್ನು ಹೆದರಿಸುತ್ತಿದ್ದೀಯೆ.

ನಾನು: ಆ ನೂರು ರೂಪಾಯಿಯ ಲೆಕ್ಕವನ್ನೇ ನೋಡೋಣ. ವಹಿವಾಟು ತೀರಾ ಕಡಿಮೆಯಿರುವ ಒಂದು ಇಟಿಎಫ್‌ನಲ್ಲಿ ಕೊಳ್ಳುವವರು 52.10 ರೂಪಾಯಿ ಕೊಡುತ್ತೇವೆಂದೂ ಮಾರುವವರು 53.40 ಬೇಕೆಂದೂ ನಿಂತಿದ್ದಾರೆಂದು ಇಟ್ಟುಕೊಳ್ಳಿ. ಲಕ್ಷ ರೂಪಾಯಿಗೆ ಕೊಂಡು ಮರುಕ್ಷಣವೇ ಮಾರಿದರೆ ಸುಮಾರು 2,430 ರೂಪಾಯಿ ಹೋಯಿತು. ಅದು ನೀವು ಹೇಳುವ ಖರ್ಚಿನ ಇಪ್ಪತ್ತನಾಲ್ಕು ವರ್ಷದ ಬಾಬ್ತು!

ಅತ್ತೆ: ಹಾಗಾದರೆ ಕೊಳ್ಳುವ ಮುನ್ನ ಏನು ನೋಡಬೇಕು?

ನಾನು: ಫಂಡ್ ಸಂಸ್ಥೆಯ ಜಾಲತಾಣದಲ್ಲಿ ಪೇಟೆಯ ಸಮಯದಲ್ಲಿ ಐ-ಎನ್‌ಎವಿ ಎಂಬ ಅಂಕಿ ಬದಲಾಗುತ್ತಿರುತ್ತದೆ, ಅದು ಒಳಗಿನ ಆಸ್ತಿಯ ಅಂದಾಜು ಮೌಲ್ಯ. ಪೇಟೆಯ ಬೆಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬಿಟ್ಟು, ಇಷ್ಟಕ್ಕಿಂತ ಹೆಚ್ಚು ಕೊಡೆನೆಂದು ನೀವೇ ಬೆಲೆ ಹೇಳುವ ಲಿಮಿಟ್ ಆರ್ಡರ್ ಹಾಕಿ.

ಚಿಕ್ಕಪ್ಪ: ನೋಡಿದೆ. ನಾನು ಕೊಳ್ಳಬೇಕೆಂದಿದ್ದದ್ದು ಐ-ಎನ್‌ಎವಿಗಿಂತ ಒಂದು ರೂಪಾಯಿ ಎಂಬತ್ತು ಪೈಸೆ ಮೇಲಿದೆ. ಲಿಮಿಟ್ ಹಾಕಿದ್ದೇನೆ, ಸಿಕ್ಕರೆ ಸಿಗಲಿ. ಆದರೆ ಫಾರ್ವರ್ಡನ್ನು ಅಳಿಸುವುದಿಲ್ಲ, ಮೊದಲಿನ ಮಾತುಗಳು ಸರಿಯೆಂದು ನೀನೇ ಒಪ್ಪಿದ್ದೀಯೆ.