ಅಲ್ಸ್ಟರ್‌ನಿಂದ ಬಂದ ಪೂರ್ವಜರ ಜಾಡು

ಪ್ರಶ್ನೆ: ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕಾಚ್-ಐರಿಷ್ (ಐರ್ಲೆಂಡಿನ ಉತ್ತರ ಭಾಗವಾದ ಅಲ್ಸ್ಟರ್‌ನಿಂದ ವಲಸೆ ಬಂದ, ಸ್ಕಾಟಿಷ್ ಮೂಲದ) ಕುಟುಂಬವೊಂದರ ವಂಶಾವಳಿಯನ್ನು 1790ರ ಜನಗಣತಿಯವರೆಗೆ ಹಿಡಿದಿದ್ದೇನೆ, ಅದರಲ್ಲಿ ಯಜಮಾನನ ಹೆಸರಷ್ಟೇ ಇದ್ದು, ಉಳಿದವರು ಬರೀ ಅಂಕಿಗಳಾಗಿದ್ದಾರೆ. ಹಡಗಿನ ಪ್ರಯಾಣಿಕರ ಪಟ್ಟಿ ಸಿಗಬಹುದೇ?

ಉತ್ತರ 1: ಆ ಆಸೆ ಬಿಡುವುದು ಒಳ್ಳೆಯದು. ಅಮೆರಿಕದ ಸರ್ಕಾರಿ ಪಟ್ಟಿಗಳು ವ್ಯವಸ್ಥಿತವಾಗಿ ಆರಂಭವಾದದ್ದೇ 1820ರಲ್ಲಿ. ಬದಲಿಗೆ ಕೌಂಟಿಯ ಉಯಿಲು, ಜಮೀನು ಪತ್ರಗಳನ್ನು ನೋಡಿ. ಸಾಕ್ಷಿ ಹಾಕಿದವರು, ಪಕ್ಕದ ಹೊಲದವರು ಬಹಳ ಸಲ ಬೀಗರೋ ಪ್ರೆಸ್ಬಿಟೀರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡದ ಒಂದೇ ಚರ್ಚ್ ಸಭೆಯವರೋ ಆಗಿರುತ್ತಾರೆ, ಇಂಥವರು ಒಟ್ಟಾಗಿಯೇ ದಕ್ಷಿಣಕ್ಕೆ ಹೋಗುವ ಗ್ರೇಟ್ ವ್ಯಾಗನ್ ರಸ್ತೆ ಹಿಡಿದು ವರ್ಜೀನಿಯಾದ ಶೆನಾಂಡೋ ಕಣಿವೆಗೆ ಇಳಿದದ್ದೂ ಉಂಟು.

ಉತ್ತರ 2: ಐರ್ಲೆಂಡಿನ ಕಡೆ, 1922ರ ಡಬ್ಲಿನ್ ಬೆಂಕಿಯಲ್ಲಿ ಬಹಳಷ್ಟು ದಾಖಲೆಗಳು ಸುಟ್ಟುಹೋದರೂ 1796ರ ಅಗಸೆ ಬೆಳೆಗಾರರ ಪಟ್ಟಿ ಉಳಿದಿದೆ, ಬಿತ್ತನೆಗೆ ತಕ್ಕಂತೆ ನೂಲುವ ರಾಟೆ ಕೊಟ್ಟ ಲೆಕ್ಕವದು. ಅಲ್ಲೇ ಉಳಿದ ದಾಯಾದಿಗಳ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಅದರಿಂದ ಗೊತ್ತಾಗಬಹುದು.

ಪ್ರಶ್ನೆ ಕೇಳಿದವರು: ಉಯಿಲಿನ ಸಾಕ್ಷಿಗಳ ಹೆಸರನ್ನು ನಾನು ಓದದೆಯೇ ದಾಟಿದ್ದೆ, ಅಲ್ಲಿಂದಲೇ ಮತ್ತೆ ತೊಡಗುತ್ತೇನೆ.