ದಿನಾ ಒಂದ್ ತಾಸು ವಾಕಿಂಗ್, ರಾತ್ರಿ ಅನ್ನ ಬಿಟ್ಟೀನಿ, ಆದ್ರೂ ತೂಕ 76ರ ಕೆಳಗ ಇಳಿವಲ್ದು

ಸಿಂಧನೂರು ಟೀಚರ್:

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಬರದೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಂಗ 41 ವರ್ಷ, ಎತ್ತರ 5 ಅಡಿ 2 ಇಂಚು, ಸಿಂಧನೂರು ಹತ್ರ ಒಂದು ಸಾಲ್ಯಾಗ ಟೀಚರ್ ಅದೀನಿ. ಹೋದ ದೀಪಾವಳಿಗಿ 81 ಕೆಜಿ ಇದ್ದೆ, ಮಾಳಿಗಿ ಮ್ಯಾಲ ಬಟ್ಟಿ ಒಣ ಹಾಕಾಕ ಹೋದ್ರ ನಡುವಿನ ಮೆಟ್ಲದಾಗ ಮೊಣಕಾಲು ಹಿಡಕೊಂಡು ನಿಲ್ತಿದ್ದೆ, ಅವತ್ತೇ ಮನಸ್ಸು ಗಟ್ಟಿ ಮಾಡಿ ವಾಕಿಂಗ್ ಶುರು ಮಾಡಿದೆ. ಮುಂಜಾನೆ 5.30ಕ್ಕ ಕೆನಾಲ್ ದಂಡಿ ಹಿಡದು ಒಂದ್ ತಾಸು, ಮಳಿ ಬರ್ಲಿ ಚಳಿ ಇರ್ಲಿ ತಪ್ಸಿಲ್ಲ. ಸಂಕ್ರಾಂತಿ ಹೊತ್ತಿಗಿ 76ಕ್ಕ ಬಂದೆ, ಭಾಳ ಖುಷಿ ಆಗಿತ್ತು. ಅಲ್ಲಿಂದ ಈಗ ಯುಗಾದಿ ಆತು, 76.2, 75.8, ಮತ್ತ 76.4, ಇಷ್ಟರಾಗೇ ತಿರಗಾಕತ್ತದ.

ಊಟ ಹೇಳ್ತೀನಿ. ಮುಂಜಾನೆ ಒಂದು ರೊಟ್ಟಿ ಪಲ್ಯ, ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಕಾಳುಪಲ್ಯ ಇಲ್ಲಾ ಪುಂಡಿಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮಸರು. ಸಂಜಿಕಿ ಒಂದ್ ಮುಷ್ಟಿ ಹುರದ ಶೇಂಗಾ, ರಾತ್ರಿ ಒಂದು ರೊಟ್ಟಿ, ಅನ್ನ ಪೂರ್ತಿ ಬಿಟ್ಟೀನಿ. ಸೋನಾಮಸೂರಿ ಬೆಳ್ಯೋ ಊರಾಗ ಹುಟ್ಟಿ ಅನ್ನ ಬಿಡೋದು ಎಷ್ಟು ಕಷ್ಟ ಅಂತ ಈ ಕಡಿಯವ್ರಿಗೇ ಗೊತ್ತು. ಸಕ್ರಿ ಬಿಟ್ಟು ಬೆಲ್ಲದ ಚಾ ಕುಡಿತೀನಿ. ಬೇಕರಿ ಐಟಂ ಇಲ್ಲ, ಮಿರ್ಚಿ ತಿಂಗಳಿಗೊಮ್ಮೆ ಆದ್ರ ಆತು. ಥೈರಾಯ್ಡ್ ಗುಳಿಗಿ 4 ವರ್ಷದಿಂದ ನಡದದ.

ತೂಕ ಇಳಿವಲ್ದು ಅನ್ನೋದಕ್ಕಿಂತ ಮಂದಿ ಮಾತು ಹೆಚ್ಚು ನೋವು ಮಾಡ್ತದ್ರಿ. ಮೊನ್ನಿ ಹಬ್ಬಕ್ಕ ಬಂದ ಸಂಬಂಧಿಕರೊಬ್ರು ಎಲ್ಲಾರ ಮುಂದ "ಕದ್ದು ತಿಂತೀಯೇನು, ಇಲ್ಲಂದ್ರ ಇಳೀಲೇಬೇಕಲ್ಲ" ಅಂದ್ರು. ನಾ ಅಡಿಗಿಮನಿಗಿ ಹೋಗಿ ಅತ್ತೆ. ಖರೇ ಹೇಳ್ತೀನಿ, ಕದ್ದು ತಿಂತಿಲ್ಲ. ಎಲ್ಲಿ ತಪ್ಪಾಗಾಕತ್ತದ?

ಗುಡ್ಡದ ಕೆಳಗಿನವ, ಬಳ್ಳಾರಿ:

ಅಕ್ಕ, ಮೊದ್ಲು ಆ ಮಾತು ತಲೆಯಿಂದ ತೆಗೀರಿ. ನೀವು ಕದ್ದು ತಿಂತಿಲ್ಲ ಅಂತ ನಾನು ನಂಬ್ತೀನಿ, ಯಾಕಂದ್ರೆ ನಂದೂ ಇದೇ ಕತೆ. ದಿನಾ ಕೋಟೆ ಗುಡ್ಡ ಹತ್ತಿ ಇಳೀತಿದ್ದೆ, ಏಳು ತಿಂಗಳು 88ರಲ್ಲೇ ನಿಂತಿದ್ದೆ. ನಮ್ಮ ಮನೇಲಿ ಲೆಕ್ಕ ಸಿಕ್ಕಿದ್ದು ಎಣ್ಣೆ ಕ್ಯಾನಿನಲ್ಲಿ. ಹೊಸ ಕ್ಯಾನ್ ಒಡೆದ ದಿನ ಅದರ ಮೇಲೇ ಸ್ಕೆಚ್ ಪೆನ್ನಿನಲ್ಲಿ ತಾರೀಕು ಬರೆದೆ. 5 ಲೀಟರ್, ನಾವು ನಾಲ್ಕು ಜನ, ಸರಿಯಾಗಿ 30 ದಿನಕ್ಕೆ ತಳ ಕಾಣ್ತು. 5 ಲೀಟರ್ ಎಣ್ಣೆ ಅಂದ್ರೆ ಸುಮಾರು ನಾಲ್ಕೂವರೆ ಕೆಜಿ, ನಾಲ್ಕು ಜನಕ್ಕೆ 30 ದಿನಕ್ಕೆ ಹಂಚಿದ್ರೆ ತಲೆಗೆ ದಿನಕ್ಕೆ 38 ಗ್ರಾಂ ಬೀಳುತ್ತೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ, ಅಂದ್ರೆ 340. ಒಂದು ತಾಸು ಜೋರಾಗಿ ನಡೆದ್ರೆ ನಿಮ್ಮ ತೂಕದವರಿಗೆ ಖರ್ಚಾಗೋದು 250ರಿಂದ 300 ಅಷ್ಟೇ ಅಕ್ಕ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ದಿನಕ್ಕೆ ಒಬ್ಬರಿಗೆ 20ರಿಂದ 30 ಗ್ರಾಂ ಎಣ್ಣೆ ಸಾಕು ಅಂತಾರೆ, ಕೂತು ಕೆಲಸ ಮಾಡೋ ಹೆಣ್ಮಕ್ಕಳಿಗೆ ಆ 20ರ ಕಡೆನೇ ಇರಬೇಕು.

ಇನ್ನು ಶೇಂಗಾ. ಒಳ್ಳೇದೇ, ನಾನು ಬೇಡ ಅನ್ನಲ್ಲ, ಆದ್ರೆ 100 ಗ್ರಾಂ ಶೇಂಗಾದಲ್ಲಿ 560ರ ಮೇಲೆ ಕ್ಯಾಲರಿ ಐತೆ. ಮುಷ್ಟಿ ಅಂದ್ರೆ 30 ಗ್ರಾಂ ಹಿಡೀರಿ, 170 ಆಯ್ತು. ಹಿಂಡಿ ನಾಲ್ಕು ಚಮಚ ಹಾಕ್ಕೊಂಡು ಮೇಲೆ ಎಣ್ಣೆ ಬಿಟ್ಕೊಂಡ್ರೆ (ನಮ್ಮ ಕಡೆ ಎಣ್ಣೆ ಇಲ್ದೆ ಹಿಂಡಿ ಯಾರೂ ತಿನ್ನಲ್ಲ) ಅದೇ ಇನ್ನೊಂದು ಮುನ್ನೂರು. ಬೆಲ್ಲಾನೂ ಸಕ್ಕರೆನೂ ತೂಕದ ಲೆಕ್ಕದಲ್ಲಿ ಒಂದೇ, ಗ್ರಾಮಿಗೆ 4 ಕ್ಯಾಲರಿ ಹತ್ರ ಹತ್ರ. ಎಷ್ಟು ಕಪ್ ಚಾ, ಕಪ್ಪಿಗೆ ಎಷ್ಟು ಬೆಲ್ಲ ಅದು ಬರೀಲಿಲ್ಲ ನೀವು.

ಒಂದು ವಾರ ಮಾತ್ರ ಅಡುಗೆ ತಕ್ಕಡಿ ತಂದು ಎಲ್ಲಾ ತೂಗಿ ಬರೀರಿ. ಆಮೇಲೆ ಬೇಕಾಗಲ್ಲ, ಕಣ್ಣಿಗೇ ಅಳತೆ ಗೊತ್ತಾಗುತ್ತೆ.

ಮುಂಜಾನೆದ್ದು:

ಮೇಡಂ ಇದೆಲ್ಲಾ ತಲಿಬ್ಯಾನಿ ಯಾಕ, ನಮ್ಮ ಊರಾಗ ಒಂದು ಪುಡಿ ಕೊಡ್ತಾರ, ಬಿಸಿನೀರಾಗ ಖಾಲಿ ಹೊಟ್ಟಿಗಿ ಕುಡಿದ್ರ ಆತು. ನಮ್ಮತ್ತಿಗಿ 10 ದಿನದಾಗ 4 ಕೆಜಿ ಇಳಿದ್ರು. ಬೇಕಂದ್ರ ಹೇಳ್ರಿ ತರಿಸಿ ಕಳಸ್ತೀನಿ.

ಕೊಪ್ಪಳ ಲ್ಯಾಬ್:

ಅಣ್ಣಾರ, ನೀವು ಒಳ್ಳೇದಾಗ್ಲಿ ಅಂತಾನ ಹೇಳೀರಿ, ಆದ್ರ ದಯವಿಟ್ಟು ಆ ಪುಡಿ ಯಾರಿಗೂ ಕೊಡಬ್ಯಾಡ್ರಿ. 10 ದಿನದಾಗ 4 ಕೆಜಿ ಕೊಬ್ಬು ಕರಗೋದಿಲ್ಲ. ಒಂದು ಕೆಜಿ ಮೈಕೊಬ್ಬಿನಾಗ ಸುಮಾರು 7,700 ಕ್ಯಾಲರಿ ಐತಿ, ನಾಕು ಕೆಜಿ ಅಂದ್ರ 30 ಸಾವಿರದ ಮ್ಯಾಲ, ಹತ್ತು ದಿನ ಏನೂ ತಿನ್ನದ ಕುಂತ್ರೂ ಅಷ್ಟು ಆಗಂಗಿಲ್ಲ. ಭೇದಿ ಆಗಿ ನೀರು ಹೋಗಿರ್ತತಿ. ನಮ್ಮ ಕಡಿ ಬಿಸಿಲಿಗಿ ಮೊದ್ಲ ಮೈಯಾಗ ನೀರು ನಿಲ್ಲಂಗಿಲ್ಲ, ಅದರಾಗ ಇದು ಬ್ಯಾರೆ. ಅತ್ತಿಗಿಯವ್ರಿಗೆ ಸುಸ್ತು, ಕಾಲು ಸೆಳೆತ ಇದ್ರ ಒಮ್ಮೆ ಡಾಕ್ಟರ್‌ಗೆ ತೋರ್ಸ್ರಿ.

ಟೀಚರ್ ಅವ್ರೆ, ನಾ 12 ವರ್ಷದಿಂದ ಲ್ಯಾಬ್‌ನಾಗ ರಕ್ತ ತಗಿಯೋ ಕೆಲಸ ಮಾಡ್ತೀನಿ, ಡಾಕ್ಟರ್ ಅಲ್ಲ, ಅದನ್ನ ಮೊದ್ಲ ಹೇಳಿಬಿಡ್ತೀನಿ. ನಿಮ್ಮ ಬರಹದಾಗ ನನ್ನ ಕಣ್ಣಿಗಿ ಬಿದ್ದಿದ್ದು ಕೊನಿಗಿ ಬರದ ಒಂದು ಸಾಲು, ಥೈರಾಯ್ಡ್ ಗುಳಿಗಿ ನಡದದ ಅಂದ್ರಲ್ಲ, ಅದು. ಟಿಎಸ್‌ಎಚ್ ಟೆಸ್ಟ್ (ಥೈರಾಯ್ಡ್ ನೋಡೋ ರಕ್ತ ಪರೀಕ್ಷೆ, ಇದು ಏರಿದ್ರ ಥೈರಾಯ್ಡ್ ಕಡಿಮಿ ಆಗೇತಿ ಅಂತ) ಕಡೀಕ ಯಾವಾಗ ಮಾಡ್ಸಿದ್ರಿ? ಗುಳಿಗಿ ನುಂಗಿ ಎಷ್ಟೊತ್ತಿಗಿ ಚಾ ಕುಡಿತೀರಿ? ಕ್ಯಾಲ್ಸಿಯಂ ಇಲ್ಲಾ ಐರನ್ ಗುಳಿಗಿ ಜೊತಿಗಿ ತಗೋತೀರೇನು? ರಕ್ತ ಕೊಡಾಕ ಬಂದ ಹೆಣ್ಮಕ್ಕಳನ್ನ ಕೇಳಿದ್ರ ಭಾಳ ಮಂದಿ ಹೇಳೋದು ಒಂದೇ, "ಚಾ ಜೊತಿಗೇ ನುಂಗ್ತೀನ್ರಿ, ಖಾಲಿ ಹೊಟ್ಟಿಗಿ ಅಂದಾರಲ್ಲ". ಖಾಲಿ ಹೊಟ್ಟಿ ಅಂದ್ರ ಬರೇ ನೀರು, ಅದಾದ ಮ್ಯಾಲ ಅರ್ಧ ತಾಸಿಂದ ಒಂದ್ ತಾಸು ಚಾ, ಹಾಲು, ಊಟ ಏನೂ ಬ್ಯಾಡ. ಕ್ಯಾಲ್ಸಿಯಂ, ಐರನ್ ಇದ್ರ ನಡುವ 4 ತಾಸು ಬಿಡ್ಬೇಕು, ಇಲ್ಲಂದ್ರ ಗುಳಿಗಿ ಮೈಗಿ ಸರಿಯಾಗಿ ಹತ್ತಂಗಿಲ್ಲ.

ಇನ್ನೊಂದು ಮಾತೂ ಹೇಳ್ತೀನಿ, ಆಸಿ ಹಚ್ಚಿ ಕೂಡ್ಸಬಾರ್ದು. ಥೈರಾಯ್ಡ್ ಕಡಿಮಿ ಆದದ್ದಕ್ಕ ಏರೋ ತೂಕ ಸಾಮಾನ್ಯವಾಗಿ 2ರಿಂದ 4 ಕೆಜಿ ಅಷ್ಟ, ಅದರಾಗೂ ಹೆಚ್ಚಿನದು ಉಪ್ಪು ನೀರು ಮೈಯಾಗ ನಿಲ್ಲೋದು. ಬಳ್ಳಾರಿ ಅಣ್ಣ ಹೇಳಿದ ಎಣ್ಣಿ ಲೆಕ್ಕ ಬಿಡಂಗಿಲ್ಲ. ಆದ್ರ ಥೈರಾಯ್ಡ್ ಸರಿ ಇಲ್ಲದಾಗ ಸುಸ್ತು ಇರ್ತತಿ, ಒಂದ್ ತಾಸು ನಡದು ಬಂದು ಉಳದ ಹೊತ್ತೆಲ್ಲಾ ಕುಂತಬಿಡ್ತೀವಿ, ಅದು ಲೆಕ್ಕಕ್ಕ ಸಿಗಂಗಿಲ್ಲ. ಬ್ಯಾರೆ ಯಾವ ಗುಳಿಗಿ ನಡದಾವ ಅದನ್ನೂ ಡಾಕ್ಟರ್‌ಗೆ ಹೇಳ್ರಿ. ಸ್ಟೆರಾಯ್ಡ್, ಇನ್ಸುಲಿನ್, ಕೆಲವು ಸಕ್ಕರಿ ಕಾಯಿಲಿ ಗುಳಿಗಿ, ಫಿಟ್ಸ್‌ಗೆ ಮನಸ್ಸಿನ ಕಾಯಿಲಿಗಿ ಕೊಡೋ ಕೆಲವು ಔಷಧ ತೂಕ ಏರಸ್ತಾವ. ಹಂಗಂತ ನೀವ ನಿಲ್ಸಬ್ಯಾಡ್ರಿ ಮತ್ತ. ಮುಟ್ಟು ಏರುಪೇರು ಇದ್ರ ಅದನ್ನೂ ತೋರ್ಸ್ರಿ.

ಸಿಂಧನೂರು ಟೀಚರ್:

ಓದಿ ಸುಮ್ಮನ ಕುಂತಬಿಟ್ಟೆ. 5.15ಕ್ಕ ಗುಳಿಗಿ ನುಂಗಿ 5.20ಕ್ಕ ಹಾಲು ಹಾಕಿದ ಚಾ ಕುಡದು ವಾಕಿಂಗ್ ಹೋಗೋದು ನಾನು, ನಾಲ್ಕು ವರ್ಷದಿಂದ ಹಂಗೇ ಮಾಡೀನಿ, ಯಾರೂ ಬಿಡಿಸಿ ಹೇಳಿರಲಿಲ್ರಿ. ಟೆಸ್ಟ್ ಮಾಡ್ಸಿ ಎರಡು ವರ್ಷದ ಮ್ಯಾಲ ಆತು. ಚಾ ದಿನಕ್ಕ ನಾಲ್ಕು ಕಪ್, ಸಾಲ್ಯಾಗ ಎರಡು ಆಗೇ ಆಗ್ತಾವ. ಬೆಲ್ಲ ಇವತ್ತು ತೂಗಿ ನೋಡಿದೆ, ಕಪ್ಪಿಗಿ 10 ಗ್ರಾಂ. ಅಂದ್ರ ದಿನಕ್ಕ 40 ಗ್ರಾಂ! ಬೆಲ್ಲ ಆರೋಗ್ಯಕ್ಕ ಛಲೋ ಅಂತ ಸಕ್ರಿಗಿಂತ ಒಂದು ಚಮಚ ಹೆಚ್ಚೇ ಹಾಕೋತಿದ್ದೆ. ಎಣ್ಣಿ ಕ್ಯಾನಿಗಿ ತಾರೀಖು ಬರದೀನಿ. ಬರೋ ವಾರ ರಕ್ತ ಕೊಟ್ಟು ಬರ್ತೀನಿ.

ಒಂದು ಕೇಳೋದು. ವಾಕಿಂಗ್ ಒಂದೂವರಿ ತಾಸು ಮಾಡ್ಲೇನು? ಇಲ್ಲಾ ರಾತ್ರಿ ಊಟಾನೇ ಬಿಡ್ಲೇನು?

ರಾಯಚೂರು ಪಿಇ ಮೇಡಂ:

ಎರಡೂ ಬ್ಯಾಡ್ರಿ ಅಕ್ಕಾರ. ನಾ ಹೈಸ್ಕೂಲಿನಾಗ ಪಿಇ ಟೀಚರ್, ವಯಸ್ಸು 46, ಈ ದಾರಿ ನಾನೂ ನಡದೀನಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕ 150ರಿಂದ 300 ನಿಮಿಷ ನಡದ್ರ ಸಾಕು ಅಂತದ, ನೀವು ಈಗ್ಲೇ 420 ನಿಮಿಷ ನಡೀತೀರಿ. ಅದೇ ಸಂಸ್ಥೆ ಅದರ ಜೊತಿಗಿ ವಾರಕ್ಕ ಎರಡು ದಿನ ಸ್ನಾಯುಗೆ ಕೆಲಸ ಕೊಡ್ರಿ ಅಂತನೂ ಹೇಳ್ತದ, ಅದನ್ನ ನಮ್ಮ ಹೆಣ್ಮಕ್ಕಳು ಯಾರೂ ಮಾಡಂಗಿಲ್ಲ. ಬರೇ ಊಟ ಕಡಿಮಿ ಮಾಡಿ ನಡದ್ರ ಕೊಬ್ಬಿನ ಜೋಡಿ ಸ್ನಾಯೂನೂ ಕರಗ್ತದ, 81ರ ಮೈಗಿ ಬೇಕಾಗಿದ್ದ ಕ್ಯಾಲರಿ 76ರ ಮೈಗಿ ಬೇಕಾಗಲ್ಲ, ಹಿಂಗಾಗಿ ಅದೇ ಊಟ ಅದೇ ವಾಕಿಂಗ್ ಇದ್ರೂ ಒಂದು ಕಡಿ ಬಂದು ನಿಂತಬಿಡ್ತದ. ನಿಮ್ಮ ತಪ್ಪಲ್ಲ ಅದು, ಮೈ ಇರೋದೇ ಹಂಗ.

ಜಿಮ್ ಬ್ಯಾಡ. ಕುರ್ಚಿ ಮ್ಯಾಲ ಕುಂತು ಕೈ ಊರದ ಏಳೋದು, 10 ಸಲ, ನಡುವ ದಮ್ ತಗೊಂಡು ಮೂರು ಸರ್ತಿ. ಗ್ವಾಡಿಗಿ ಕೈ ಊರಿ ದಂಡ ಹೊಡ್ಯೋದು. ಎರಡು ಲೀಟರ್ ನೀರಿನ ಬಾಟ್ಲಿ ಎರಡು ಕೈಯಾಗ ಹಿಡಕೊಂಡು ಬಗ್ಗಿ ಎತ್ತೋದು, ಬೆನ್ನು ನೆಟ್ಟಗ ಇರ್ಬೇಕು. ಮೊಣಕಾಲು ನೋವು ಅಂದ್ರಲ್ಲ, ಅದಕ್ಕ ಕುರ್ಚಿಗಿ ಒಂದು ದಿಂಬು ಹಾಕಿ ಎತ್ತರ ಮಾಡ್ಕೊಂಡು ಶುರು ಮಾಡ್ರಿ. ನಾ ಮೊದಲನೇ ದಿನ ನಾಲ್ಕಕ್ಕೇ ನಿಲ್ಲಿಸಿದ್ದೆ, ತೊಡಿ ಥರಥರ ನಡಗ್ತಿದ್ವು, ಎರಡು ತಿಂಗಳಿಗಿ ದಿಂಬು ತಗದೆ.

ಊಟದಾಗ ಪ್ರೋಟೀನ್ ಕಡಿಮಿ ಅನಸ್ತದ. ಮುಂಜಾನೆ ರೊಟ್ಟಿ ಜೋಡಿ ಎರಡು ತತ್ತಿ ತಿಂದ್ರ 12 ಗ್ರಾಂ ಸಿಗ್ತದ. ತತ್ತಿ ನಡ್ಯಂಗಿಲ್ಲ ಅಂದ್ರ ಗಟ್ಟಿ ಬ್ಯಾಳಿ, ಮಡಕಿಕಾಳು ಉಸಳಿ, ಮೀಲ್ ಮೇಕರ್. ರೊಟ್ಟಿ ನಮ್ಮ ಕಡಿದು ದೊಡ್ಡದು, 60 ಗ್ರಾಂ ಹಿಟ್ಟು ಹಿಡಿತದ, 200 ಕ್ಯಾಲರಿ ಹತ್ರ. ಹಂಗಾಗಿ ಅನ್ನ ಬಿಟ್ಟು ರೊಟ್ಟಿ ಹಿಡದೆ ಅನ್ನೋದು ಒಂದೇ ದೊಡ್ಡ ಫರಕ್ ಮಾಡಂಗಿಲ್ರಿ, ಅಳತಿ ಇದ್ರ ಒಂದು ಬಟ್ಟಲ ಅನ್ನ ತಿನ್ರಿ, ಮನಸ್ಸಿಗಿ ಸಮಾಧಾನ ಇರ್ತದ. ರಾತ್ರಿ ಊಟ ಬಿಟ್ರ ಮರದಿನ ಸಂಜಿಕಿ ಶೇಂಗಾ ಡಬ್ಬಿ ಖಾಲಿ ಆಗ್ತದ, ನನ್ನ ಅನುಭವ.

ಇನ್ನ ಆ ತೂಕದ ಮಷಿನ್ ವಾರಕ್ಕೊಮ್ಮೆ ನೋಡ್ರಿ ಸಾಕು. ಹಪ್ಪಳ ಉಪ್ಪಿನಕಾಯಿ ತಿಂದ ಮರದಿನ, ಮುಟ್ಟಿನ ಮುಂಚಿನ ದಿನ, ಹೊಸ ವ್ಯಾಯಾಮ ಶುರು ಮಾಡಿದ ವಾರ ನೀರು ನಿಂತು ಒಂದ್ ಕೆಜಿ ಏರ್ತದ. ಟೇಲರ್ ಟೇಪ್ ತಗೊಂಡು ಹೊಕ್ಕಳ ಮಟ್ಟಕ್ಕ ಹೊಟ್ಟಿ ಸುತ್ತಳತಿ ಬರದಿಡ್ರಿ. ಹೆಣ್ಮಕ್ಕಳಿಗಿ 80 ಸೆಂಟಿಮೀಟರ್ ಒಳಗಿದ್ರ ಛಲೋ ಅಂತಾರ, ಗಂಡಸರಿಗಿ 90. ಸಕ್ಕರಿ ಕಾಯಿಲಿ, ಬಿಪಿ ವಿಷಯದಾಗ ತೂಕಕ್ಕಿಂತ ಆ ಹೊಟ್ಟಿ ಅಳತಿ ಹೆಚ್ಚು ಹೇಳ್ತದ.

ಮತ್ತ ನಿದ್ದಿ. 5ಕ್ಕ ಏಳ್ತೀರಿ, ಮಲಗೋದು ಎಷ್ಟೊತ್ತಿಗಿ?

ಸಿಂಧನೂರು ಟೀಚರ್:

ಆರು ವಾರ ಆದ್ಮ್ಯಾಲ ಬಂದೀನಿ, ಕೇಳಿದವ್ರಿಗೆಲ್ಲಾ ಹೇಳಬೇಕಲ್ಲ. ಟಿಎಸ್‌ಎಚ್ 9.1 ಬಂತು, ನಮ್ಮ ಲ್ಯಾಬಿನ ಚೀಟಿ ಮ್ಯಾಲ 4ರ ಮ್ಯಾಲ ಹೆಚ್ಚು ಅಂತ ಅದ. ಡಾಕ್ಟರು ಡೋಸ್ ಏರಸಲಿಲ್ಲ, "ಮೊದ್ಲು ಗುಳಿಗಿ ಸರಿಯಾಗಿ ನುಂಗು, ಎರಡು ತಿಂಗಳು ಬಿಟ್ಟು ಮತ್ತ ನೋಡೋಣ" ಅಂದ್ರು. ಈಗ ಗುಳಿಗಿ ನೀರಾಗ ನುಂಗಿ ವಾಕಿಂಗ್ ಹೋಗ್ತೀನಿ, ಚಾ ಬಂದ ಮ್ಯಾಲ. ಚಾ ಎರಡೇ ಕಪ್, ಬೆಲ್ಲ 5 ಗ್ರಾಂ. ತಾರೀಖು ಬರಿಯೋಕಿಂತ ಮೊದ್ಲಿನ ಎಣ್ಣಿ ಕ್ಯಾನ್ 26 ದಿನಕ್ಕ ಖಾಲಿ ಆಗಿತ್ತು, ನಾವೂ ನಾಲ್ಕೇ ಮಂದಿ. ಈಗಿಂದು 39ನೇ ದಿನ ನಡದದ, ಇನ್ನೂ ಸ್ವಲ್ಪ ಅದ. ಒಗ್ಗರಣಿಗಿ ಸೌಟಿಲೆ ಸುರಿಯೋದು ಬಿಟ್ಟು ಚಮಚ ಇಟ್ಟೀನಿ, ಅತ್ತಿಯವ್ರು ಮೊದಲ ವಾರ ಬದ್ನಿಕಾಯಿ ಪಲ್ಯ ರುಚಿ ಇಲ್ಲ ಅಂದ್ರು, ಈಗ ಏನೂ ಅನ್ನಂಗಿಲ್ಲ.

ಮಲಗೋದು 11.30 ಆಗ್ತಿತ್ತು ಪಿಇ ಮೇಡಂ, ಈಗ 10ಕ್ಕ ಫೋನ್ ಇಟ್ಟಬಿಡ್ತೀನಿ.

ತೂಕ 74.1. ಹೊಟ್ಟಿ ಅಳತಿ 98 ಇತ್ತು, ಈಗ 94. ಕುರ್ಚಿ ವ್ಯಾಯಾಮ ದಿಂಬು ಹಾಕಿ 8 ಆಗ್ತದ. ನಿನ್ನಿ ಸಂಜಿಕಿ ಒದ್ದಿ ಬಟ್ಟಿ ಬಕೀಟು ಹಿಡಕೊಂಡು ಮಾಳಿಗಿ ಹತ್ತಿದೆ, ಮ್ಯಾಲ ಹೋಗಿ ಎರಡು ಸೀರಿ ಹಾಕಿದ ಮ್ಯಾಲ ನೆನಪಾತು, ಇವತ್ತು ನಡುವ ನಿಲ್ಲಲೇ ಇಲ್ಲ ಅಂತ.